ಕಡಲ ತಡಿಯ ಅಡುಗೆಮನೆಗೆ ಹೊಸ ಕಪಾಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕಟ್ಟಿದವರು ಯಾರೇ ಇರಲಿ, ವಾಸವಾಗಿರುವ ಮನೆಯ ಅಡುಗೆಮನೆಯನ್ನು ಕಿತ್ತು ಹೊಸದು ಮಾಡುವ ಸಾಹಸಕ್ಕೆ ಅವರು ಕೈಹಾಕಿರಲಿಲ್ಲವೆಂದು ಧಾರಾಳವಾಗಿ ಹೇಳಬಹುದು. ಮದುವೆ ನಾಲ್ಕು ದಿನಗಳಲ್ಲಿ ಮುಗಿಯುತ್ತದೆ. ಕಟ್ಟುವ ಮನೆ ಆರು ತಿಂಗಳು ತಡವಾದರೂ ಬಾಡಿಗೆಯ ಮನೆಯಲ್ಲಿ ಕಾಲ ಹಾಕಬಹುದು. ಅಡುಗೆಮನೆಯಾದರೋ ದಿನಕ್ಕೆ ಮೂರು ಹೊತ್ತು ಕೆಲಸ ಕೇಳುವಂಥದು. ಅದರಲ್ಲಿಯೂ ಮನೆ ಮಂಗಳೂರಿನಲ್ಲಿಯೋ ಉಡುಪಿಯಲ್ಲಿಯೋ ಕುಂದಾಪುರದಲ್ಲಿಯೋ ಇದ್ದರೆ ಯಜಮಾನರು, ಯಜಮಾನಿತಿ, ಆಚಾರಿ, ಈ ಮೂವರ ಸಮಾಲೋಚನೆಗೆ ನಾಲ್ಕನೆಯವನೊಬ್ಬ ಕರೆಯದೆಯೇ ಬಂದು ಕುಳಿತುಕೊಳ್ಳುತ್ತಾನೆ. ಅವನ ಹೆಸರು ಮಳೆರಾಯ. ಕೊನೆಯ ಮಾತು ಸಾಮಾನ್ಯವಾಗಿ ಅವನದೇ.

ಕರಾವಳಿಯ ಪೇಟೆಗಳಲ್ಲಿ ಈ ಕಥೆ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ನಡೆಯುತ್ತದೆ. ಮುಂಬಯಿಯಲ್ಲಿಯೋ ಕೊಲ್ಲಿಯ ನಾಡಿನಲ್ಲಿಯೋ ದುಡಿಯುವ ಮಗ ರಜೆಯಲ್ಲಿ ಊರಿಗೆ ಬಂದವನು, "ಅಮ್ಮ, ಈ ಹಳೆಯ ಅಡುಗೆಮನೆಯಲ್ಲಿ ನೀನು ಪಟ್ಟದ್ದು ಸಾಕು" ಎನ್ನುತ್ತಾನೆ. ಬಣ್ಣಬಣ್ಣದ ಚಿತ್ರಗಳ ಪುಸ್ತಕ ಬರುತ್ತದೆ. ಹೊಳೆಯುವ ಬಾಗಿಲು, ಬೆರಳು ತಾಗಿದರೆ ತಾನಾಗಿ ಮುಚ್ಚಿಕೊಳ್ಳುವ ಡ್ರಾಯರು, ಮೂಲೆಯಿಂದ ತಿರುಗಿ ಹೊರಬರುವ ತಟ್ಟೆ! ಏಪ್ರಿಲ್ ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ನೆಂಟರಿಷ್ಟರು ಬಂದು ಕಣ್ಣರಳಿಸಿ ನೋಡಿ ಹೋಗುತ್ತಾರೆ. ಆಟಿ ತಿಂಗಳು ಕಾಲಿಡುವ ಹೊತ್ತಿಗೆ ಡ್ರಾಯರು ಎಳೆದರೆ ಬರದು, ಬಂದರೆ ಹಿಂದಕ್ಕೆ ಹೋಗದು. ಸಿಂಕಿನ ಕೆಳಗಿನ ಬಾಗಿಲು ತೆರೆದರೆ ಬೂಷ್ಟಿನ ವಾಸನೆ. ಎರಡನೆಯ ಮಳೆಗಾಲಕ್ಕೆ ಹಲಗೆಯ ಅಂಚು ನೀರಿನಲ್ಲಿ ನೆನೆದ ರೊಟ್ಟಿಯಂತೆ ಉಬ್ಬುತ್ತದೆ. ಮೂರನೆಯದಕ್ಕೆ ಕೀಲು ತುಕ್ಕು ಹಿಡಿದು ಬಾಗಿಲೇ ಕೈಗೆ ಬರುತ್ತದೆ. ಮಗ ಫೋನಿನಲ್ಲಿ ವಿಚಾರಿಸಿದರೆ ತಾಯಿ, "ಎಲ್ಲ ಚೆನ್ನಾಗಿದೆ ಮಗ" ಎನ್ನುತ್ತಾಳೆ. ಅವನು ಬೆವರು ಸುರಿಸಿ ಉಳಿಸಿದ ಹಣ ಗೆದ್ದಲಿಗೂ ನೀರಿಗೂ ಸಂದಿತೆಂದು ಹೇಳಲು ಯಾವ ತಾಯಿಗೆ ಬಾಯಿ ಬರುತ್ತದೆ? ಒಂದು ಸಲ ಕೆಟ್ಟರೆ ಇನ್ನೊಂದು ಸಲ ಮಾಡಿಸಿಯೇವು ಎಂಬ ಧೈರ್ಯ ಮಧ್ಯಮವರ್ಗದ ಸಂಸಾರಗಳಿಗೆ ಇರುವುದಿಲ್ಲ.

ಇಷ್ಟಕ್ಕೆಲ್ಲ ಆಚಾರಿಯ ಕೈಯನ್ನೇ ದೂರುವುದು ರೂಢಿ. ಆಚಾರಿಯ ತಪ್ಪು ಇದ್ದೀತು, ಇಲ್ಲದೆಯೂ ಇದ್ದೀತು. ಬಹುಪಾಲು ತಪ್ಪು ನಡೆದಿರುವುದು ಉಳಿ ಹಿಡಿಯುವುದಕ್ಕೂ ಮೊದಲು, ಯೋಜನೆಯ ಕಾಗದದ ಮೇಲೆ.

ಹೊಗೆ ಹೋಯಿತು, ತೇವ ಉಳಿಯಿತು

ಹಿಂದಿನ ಅಡುಗೆಮನೆಯನ್ನು ಇಲ್ಲಿ ಒಂದಿಷ್ಟು ನೆನೆಯಬೇಕಾಗಿದೆ, ವ್ಯಾಮೋಹದಿಂದಲ್ಲ, ಲೆಕ್ಕಾಚಾರಕ್ಕಾಗಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. ಹಂಚುಗಳ ನಡುವಣ ಸಂದು ಹೊಗೆಗೆ ದಾರಿ. ಅಲ್ಲಲ್ಲಿ ಕೂರಿಸಿದ ಗಾಜಿನ ಹಂಚು ಬೆಳಕಿಗೆ ದಾರಿ. ಒಲೆಯ ಮೇಲಣ ಅಟ್ಟದಲ್ಲಿ ಕೊಬ್ಬರಿ, ಹುಣಸೆಹಣ್ಣು, ಮಳೆಗಾಲಕ್ಕೆಂದು ಕೂಡಿಟ್ಟ ಸೌದೆ. ಜಂತಿಯಿಂದ ಬಾಳೆಯ ನಾರಿನಲ್ಲಿ ತೂಗುಹಾಕಿದ ಸೌತೆಕಾಯಿಗಳ ಸಾಲು. ಗೋಡೆಗೆ ತೆರೆದ ನಾಗೊಂದಿಗೆ. ಹಾಲುಮೊಸರಿಗೆ, ಉಳಿದ ಪದಾರ್ಥಕ್ಕೆ ಜಾಲರಿಯ ಕಪಾಟು. ಇರುವೆ ಹತ್ತದಂತೆ ಅದರ ನಾಲ್ಕು ಕಾಲಿಗೂ ನೀರಿನ ಬಟ್ಟಲು. ಒಟ್ಟಿನಲ್ಲಿ ಗಾಳಿಯಾಡದ ವಸ್ತುವೆಂಬುದು ಆ ಕೋಣೆಯಲ್ಲಿ ಉಪ್ಪಿನಕಾಯಿಯ ಭರಣಿಯೊಂದೇ.

ದಿನವಿಡೀ ಆರದ ಒಲೆಯ ಶಾಖ ಗೋಡೆಯನ್ನೂ ಮರವನ್ನೂ ಒಣಗಿಸುತ್ತಿತ್ತು. ಹೊಗೆ ಹಿಡಿದ ಜಂತಿಗೆ ಹುಳು ಸುಲಭವಾಗಿ ಬೀಳುತ್ತಿರಲಿಲ್ಲ. ಆದರೆ ಅದೇ ಹೊಗೆ ಎಷ್ಟು ಮಂದಿ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ತಿಂದಿತೆಂಬುದು ಮನೆಮನೆಗೂ ಗೊತ್ತಿರುವ ಸಂಗತಿ. ಜಂತಿ ಉಳಿಯಲೆಂದು ಗೃಹಿಣಿ ಕೆಮ್ಮಬೇಕೆಂದು ಯಾರೂ ವಾದಿಸಲಾರರು. ಹೊಗೆ ಹೋದದ್ದು ಒಳ್ಳೆಯದೇ ಆಯಿತು. ಹೊಗೆಯ ಜೊತೆಗೆ ಹೋದ ಒಣಶಾಖಕ್ಕೆ ಬದಲು ವ್ಯವಸ್ಥೆಯನ್ನು ಯಾರೂ ಯೋಚಿಸಲಿಲ್ಲ, ಅಷ್ಟೆ.

ಹೊಸ ಅಡುಗೆಮನೆಯಲ್ಲಿ ಮೇಲೆ ಕಾಂಕ್ರೀಟಿನ ತಾರಸಿ, ಸುತ್ತ ಗಾಜಿನ ಕಿಟಕಿ, ಗೋಡೆಗೆ ನುಣ್ಣನೆಯ ಬಿಲ್ಲೆ. ಉಸಿರಾಡಲು ಸಂದಿಲ್ಲ. ಅಡುಗೆಯ ಅನಿಲ ಉರಿಯುವಾಗ ನೀರಾವಿ ಹುಟ್ಟುತ್ತದೆಂಬುದು ಅನೇಕರ ಗಮನಕ್ಕೆ ಬಂದಿರಲಾರದು. ಒಂದು ಕಿಲೋ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋಗಿಂತ ಹೆಚ್ಚು ನೀರು ಆವಿಯ ರೂಪದಲ್ಲಿ ಹೊರಬೀಳುತ್ತದೆ. ಮನೆಬಳಕೆಯ 14.2 ಕಿಲೋ ಸಿಲಿಂಡರೊಂದು ಮುಗಿಯುವಷ್ಟರಲ್ಲಿ 22 ಲೀಟರಿನಷ್ಟು, ಎಂದರೆ ಒಂದು ದೊಡ್ಡ ಕೊಡಕ್ಕೂ ಮಿಕ್ಕ ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ! ಕುಚ್ಚಲಕ್ಕಿಯ ಅನ್ನ ತಾಸುಗಟ್ಟಲೆ ಕುದಿಯುವ ಮನೆಗಳಲ್ಲಿ ಪಾತ್ರೆಯಿಂದೇಳುವ ಆವಿ ಬೇರೆ. ಸೌದೆ ಉರಿದರೂ ನೀರಾವಿ ಹುಟ್ಟುವುದು ನಿಜ. ಅದು ಹಂಚಿನ ಸಂದಿನಿಂದ ತಾನಾಗಿ ಹೊರಗೆ ಹೋಗುತ್ತಿತ್ತು. ಈಗ ಅದಕ್ಕೆ ದಾರಿ ಮಾಡಿಕೊಡಬೇಕು. ಆದುದರಿಂದ ಹೊಗೆಗೂಡಿನ ಯಂತ್ರವನ್ನು ಕೊಳ್ಳುವವರು ಅದರ ಕೊಳವೆ ಗೋಡೆಯಿಂದ ಹೊರಕ್ಕೆ ಹೋಗುವಂಥದನ್ನೇ ಕೊಳ್ಳಬೇಕು. ಗಾಳಿಯನ್ನು ಸೋಸಿ ಮತ್ತೆ ಒಳಕ್ಕೇ ಬಿಡುವ ಬಗೆಯದು ಜಿಡ್ಡನ್ನು ಹಿಡಿದೀತೇ ಹೊರತು ನೀರಾವಿಯನ್ನಲ್ಲ.

ಇನ್ನು ಹೊರಗಿನ ಹವೆ. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 970 ಮಿಲಿಮೀಟರು; ಅಷ್ಟು ಮಳೆ ಮಂಗಳೂರಿಗೆ ಜುಲೈ ತಿಂಗಳೊಂದರಲ್ಲಿಯೇ ಬೀಳುವುದುಂಟು. ಮಳೆಗಾಲದಲ್ಲಿ ಅಲ್ಲಿನ ಗಾಳಿಯ ತೇವ ಸಾಮಾನ್ಯವಾಗಿ ನೂರಕ್ಕೆ 80ನ್ನು ಮೀರಿಯೇ ಇರುತ್ತದೆ. ಉಪ್ಪಿಗೆ ಒಂದು ಗುಣವಿದೆ: ಗಾಳಿಯ ತೇವ ನೂರಕ್ಕೆ 75ರಷ್ಟನ್ನು ದಾಟಿತೆಂದರೆ ಅದು ತಾನಾಗಿ ನೀರನ್ನು ಹೀರಿ ಕರಗತೊಡಗುತ್ತದೆ. ಕಡಲ ಗಾಳಿ ಹೊತ್ತು ತಂದ ಉಪ್ಪಿನ ಸೂಕ್ಷ್ಮ ಕಣಗಳು ಕಪಾಟಿನ ಕೀಲಿನ ಮೇಲೂ ತಿರುಪುಮೊಳೆಯ ತಲೆಯ ಮೇಲೂ ಕುಳಿತಿರುತ್ತವೆ. ಒಂದು ಹನಿ ಮಳೆ ತಾಗದಿದ್ದರೂ ಮಳೆಗಾಲದ ನಾಲ್ಕು ತಿಂಗಳು ಆ ಕೀಲು ಉಪ್ಪುನೀರಿನಲ್ಲಿ ಮಿಂದಂತೆಯೇ ಇರುತ್ತದೆ. ಘಟ್ಟದ ಮೇಲೆ ಹತ್ತು ವರ್ಷ ಬಾಳಿದ ಕೀಲು ಮಲ್ಪೆಯಲ್ಲಿಯೋ ಉಳ್ಳಾಲದಲ್ಲಿಯೋ ಎರಡೇ ವರ್ಷಕ್ಕೆ ಕೈಕೊಡುವುದಕ್ಕೆ ಇದೇ ಕಾರಣ.

ಮಳೆಗಾಲದಲ್ಲಿ ಅಳತೆ

ಈ ಕಾರಣದಿಂದ, ಬೇಸಿಗೆಯಲ್ಲಿ ಕೆಲಸ ಮಾಡಿಸಬೇಕೆಂದಿರುವವರು ಹಿಂದಿನ ಮಳೆಗಾಲದಲ್ಲಿಯೇ ಯೋಜನೆಯನ್ನು ಆರಂಭಿಸಬೇಕು. ಆತುರವುಳ್ಳವರಿಗೆ ಇದು ರುಚಿಸದು. ಆದರೆ ಅಡುಗೆಮನೆಯ ಯಾವ ಗೋಡೆ ಬೆವರುತ್ತದೆ, ಯಾವ ಮೂಲೆಯಲ್ಲಿ ಹಸುರು ಕಟ್ಟುತ್ತದೆ, ಯಾವ ಕಿಟಕಿಯಿಂದ ಇರಚಲು ಹೊಡೆಯುತ್ತದೆ ಎಂಬುದನ್ನು ಮಾರ್ಚ್ ತಿಂಗಳ ಬಿಸಿಲಿನಲ್ಲಿ ಯಾವ ಎಂಜಿನಿಯರನೂ ಕಂಡುಹಿಡಿಯಲಾರ. ಪಡುವಣ ದಿಕ್ಕಿನ ಮುರಕಲ್ಲಿನ ಗೋಡೆ ನೀರನ್ನು ಹೇಗೆ ಕುಡಿಯುತ್ತದೆಂಬುದನ್ನು ಜುಲೈಯಲ್ಲಿ ಅಂಗೈ ಒತ್ತಿ ನೋಡಿದರೆ ಸಾಕು. ಅಂಥ ಗೋಡೆಯನ್ನು ಮೊದಲು ಹೊರಗಿನಿಂದ ದುರಸ್ತಿ ಮಾಡಿಸಬೇಕು. ಅಷ್ಟಾದ ಮೇಲೂ ಕಪಾಟಿನ ಬೆನ್ನನ್ನು ಅದಕ್ಕೆ ಒತ್ತದೆ ಒಂದಂಗುಲ ಬಿಟ್ಟು ನಿಲ್ಲಿಸಬೇಕು. ಒದ್ದೆ ಗೋಡೆಯ ಮೇಲೆ ಚೆಂದದ ಕಪಾಟು ಹೊಡೆಯುವುದೆಂದರೆ ಹುಣ್ಣಿಗೆ ಜರತಾರಿ ಶಾಲು ಹೊದಿಸಿದಂತೆ.

ಗೋಡೆಯ ಅಳತೆಯಾದ ಮೇಲೆ ಪಾತ್ರೆಗಳ ಅಳತೆ. ಚಿತ್ರದ ಪುಸ್ತಕದಲ್ಲಿ ಮೂರು ಬಟ್ಟಲು, ಒಂದು ಹೂದಾನಿ ಮಾತ್ರ ಕಾಣುತ್ತವೆ. ನಿಜವಾದ ಸಂಸಾರದಲ್ಲಿ ಇಡ್ಲಿಯ ಅಟ್ಟ, ಹಬ್ಬಕ್ಕೆ ಬೇಕಾಗುವ ದೊಡ್ಡ ಬೋಗುಣಿ, ಅಕ್ಕಿಯ ಡಬ್ಬ, ಎಣ್ಣೆಯ ಡಬ್ಬ, ಮಿಡಿ ಉಪ್ಪಿನಕಾಯಿಯ ಭರಣಿಗಳು, ಮಳೆಗಾಲಕ್ಕೆಂದು ಮಾಡಿಟ್ಟ ಹಲಸಿನ ಹಪ್ಪಳದ ತಗಡಿನ ಪೆಟ್ಟಿಗೆ ಇವೆಲ್ಲ ಇರುತ್ತವೆ. ಒಂದೊಂದರ ಎತ್ತರ ಅಗಲಗಳನ್ನು ಬರೆದಿಟ್ಟುಕೊಂಡರೆ ಮನೆಗೆಂದೇ ಹೇಳಿ ಮಾಡಿಸುವುದರ ಪ್ರಯೋಜನ ದೊರೆತಂತಾಯಿತು. ಅರ್ಧ ಅಂಗುಲದ ಕೊರತೆಯಿಂದ ಭರಣಿ ಒಳಗೆ ಹೋಗದಿದ್ದರೆ ಹೇಳಿ ಮಾಡಿಸಿ ಬಂದ ಭಾಗ್ಯವೇನು? ಕಾಯಿಮಸಾಲೆ ದಿನವೂ ಅರೆಯಬೇಕಾದ ಕರಾವಳಿಯ ಮನೆಯಲ್ಲಿ ರುಬ್ಬುವ ಯಂತ್ರ ಕಪಾಟಿನೊಳಗೆ ಅಡಗುವ ವಸ್ತುವಲ್ಲ. ಭಾರವಾದ ಆ ಯಂತ್ರವನ್ನು ನಿತ್ಯ ಬಗ್ಗಿ ಎತ್ತಿದರೆ ಯಾರ ಸೊಂಟ ಉಳಿದೀತು? ಅದಕ್ಕೆ ತನ್ನದೇ ಆದ ತಗ್ಗಿನ ಕಟ್ಟೆಯೊಂದು ಬೇಕು.

ಎಲ್ಲಕ್ಕಿಂತ ಮುಖ್ಯವಾದ ಅಳತೆ ಅಡುಗೆ ಮಾಡುವವರ ಮೈಯದು. ವಿಚಿತ್ರವೆಂದರೆ ಇದೊಂದನ್ನು ಯಾರೂ ಕೇಳುವುದಿಲ್ಲ. ಸಿದ್ಧವಾಗಿ ಬರುವ ಕಪಾಟುಗಳಲ್ಲಿ ಅಡುಗೆಕಟ್ಟೆಯ ಎತ್ತರ ಸಾಮಾನ್ಯವಾಗಿ 34ರಿಂದ 36 ಅಂಗುಲ. ಐದಡಿ ಎತ್ತರದ ಹೆಂಗಸಿಗೆ ಮೊಣಕೈ ನೆಲದಿಂದ ಸುಮಾರು 37 ಅಂಗುಲಕ್ಕೆ ಬರುತ್ತದೆ. ಅದರಿಂದ ನಾಲ್ಕು ಅಂಗುಲ ಕೆಳಗೆ, ಎಂದರೆ 33 ಅಂಗುಲದ ಸುಮಾರಿಗೆ ಕಟ್ಟೆ ಇದ್ದರೆ ಹೆಚ್ಚುವುದಕ್ಕೂ ಕಲಸುವುದಕ್ಕೂ ಭುಜ ಎತ್ತಬೇಕಾಗುವುದಿಲ್ಲ. ಒಲೆಯ ಮೇಲೆ ಪಾತ್ರೆಯ ಎತ್ತರವೂ ಸೇರುವುದರಿಂದ ಅಲ್ಲಿ ಇನ್ನೂ ಎರಡಂಗುಲ ತಗ್ಗಿಸಿದರೆ ಒಳ್ಳೆಯದು. ಮೇಲಿನ ಕಪಾಟಿನಲ್ಲಿ ನಿತ್ಯ ಬೇಕಾಗುವ ವಸ್ತು ಆರಡಿಗಿಂತ ಮೇಲಿದ್ದರೆ ಅದು ಆಕೆಯ ಪಾಲಿಗೆ ಇಲ್ಲದ ಹಾಗೆಯೇ.

ಅತ್ತೆಗೆ ನಾಲ್ಕಡಿ ಹತ್ತಂಗುಲ, ಸೊಸೆಗೆ ಐದಡಿ ನಾಲ್ಕಂಗುಲವಾದರೆ? ಜಗಳಕ್ಕೆ ಇಷ್ಟು ಸಾಕು! ಅತ್ತೆ ಮೂವತ್ತು ವರ್ಷ ನೆಲದಲ್ಲಿ ಕುಳಿತು ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚಿದವರು, ಹೆರೆಮಣೆಯ ಮೇಲೆ ಕುಳಿತು ಕಾಯಿ ಹೆರೆದವರು. ಈಗ ಮಂಡಿ ನೋವು. ನೆಲಕ್ಕೆ ಕೂರಲಾರರು, ಎತ್ತರದ ಕಟ್ಟೆಯ ಮುಂದೆ ನಿಲ್ಲಲೂ ಆರರು. ಹೊಸ ಅಡುಗೆಮನೆ ಬಂದ ದಿನದಿಂದ ಅವರಿಗೆ ಅಲ್ಲಿ ಕೆಲಸವೇ ಇಲ್ಲದಂತಾಗಿ ಜಗಲಿಗೆ ಬಂದು ಕೂರುವ ಸಂಸಾರಗಳುಂಟು. ಯೋಜನೆಯ ಕಾಗದದಲ್ಲಿ ಕಿಟಕಿಯ ಬಳಿ ಮೂರಡಿ ಉದ್ದದ, 28 ಅಂಗುಲ ಎತ್ತರದ, ಕೆಳಗೆ ಕಪಾಟಿಲ್ಲದೆ ಕಾಲು ಚಾಚಲು ಜಾಗವುಳ್ಳ ಒಂದು ತಗ್ಗಿನ ಕಟ್ಟೆಯನ್ನು ಬರೆದರೆ, ಮುಂದೊಂದು ಕುರ್ಚಿ ಹಾಕಿಕೊಂಡು ಅವರು ಇನ್ನೂ ಹತ್ತು ವರ್ಷ ಹುರುಳಿಕಾಯಿ ಸೋಸಿಯಾರು. ಕಳೆದುಕೊಳ್ಳುವುದು ಎರಡು ಡ್ರಾಯರು ಮಾತ್ರ.

ಅಡುಗೆಮನೆಯ ಕೆಲಸವನ್ನು ಹೀಗೆ ಅಳೆದು ನೋಡಬೇಕೆಂಬ ವಿಚಾರ ಹೊಸದಲ್ಲ. ಗೋಡೆಗೆ ಹೊಂದಿದ ಕಪಾಟುಗಳ ಆಧುನಿಕ ಅಡುಗೆಮನೆಯ ಮಾದರಿಯನ್ನು 1926ರಲ್ಲಿ ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬಾಕೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕಾಗಿ ರಚಿಸಿದಳು. ಸುಮಾರು ಆರಡಿ ಅಗಲ, ಹನ್ನೊಂದಡಿ ಉದ್ದದ ಪುಟ್ಟ ಕೋಣೆ. ರೈಲಿನ ಊಟದ ಬಂಡಿಯ ಅಡುಗೆಕೋಣೆಯನ್ನು ನೋಡಿ ಹೊಳೆದದ್ದು. ಅಲ್ಲಿನ ಹೊಸ ಬಡಾವಣೆಗಳಲ್ಲಿ ಅಂಥವು ಸುಮಾರು ಹತ್ತು ಸಾವಿರ ನಿರ್ಮಾಣವಾದವು. ಹಿಟ್ಟಿನ ಡ್ರಾಯರಿಗೆ ಹುಳು ಬೀಳದ ಓಕ್ ಮರ, ಕಾಳು ಬೇಳೆಗೆ ಅಲ್ಯೂಮಿನಿಯಮ್ಮಿನ ಡಬ್ಬ ಎಂದು ಆಕೆ ವಸ್ತುವನ್ನರಿತು ಮರವನ್ನೂ ಲೋಹವನ್ನೂ ಆರಿಸಿದ್ದಳು. ಕಪಾಟಿನ ರೂಪ ಆ ಚಳಿಯ ನಾಡಿನಿಂದ ಲೋಕಕ್ಕೆಲ್ಲ ಹರಡಿತು; ಊರಿನ ಹವೆಯನ್ನು ನೋಡಿ ಮರವನ್ನು ಆರಿಸುವ ಆ ವಿವೇಕ ಮಾತ್ರ ಚಿತ್ರದ ಪುಸ್ತಕಗಳಲ್ಲಿ ಅಚ್ಚಾಗಲಿಲ್ಲ.

ಯಾವ ಮರ, ಯಾವ ಕೀಲು?

ಆಚಾರಿಯ ಮುಂದೆ ಕುಳಿತಾಗ ಮೊದಲು ಇತ್ಯರ್ಥವಾಗಬೇಕಾದದ್ದು ಪೆಟ್ಟಿಗೆಯ ಒಡಲು. ಜನ ಬಾಗಿಲಿನ ಬಣ್ಣಕ್ಕೆ ಮರುಳಾಗುತ್ತಾರೆ. ನೀರು ಒಡಲನ್ನು ಹುಡುಕುತ್ತದೆ. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅಗ್ಗ, ನುಣುಪು, ನೋಡಲು ಸೊಗಸು. ಅಂಚಿನಿಂದ ಒಮ್ಮೆ ನೀರು ಹೊಕ್ಕರೆ ಮತ್ತೆ ಹಿಂದಿನ ಆಕಾರಕ್ಕೆ ಬಾರದು. ಕರಾವಳಿಗೆ ಅದು ಸಲ್ಲದು. ಪ್ಲೈವುಡ್ಡಿನಲ್ಲಿಯೂ ಜಾತಿಗಳುಂಟು. ಭಾರತೀಯ ಮಾನಕದ 710ನೆಯ ಅಂಕವುಳ್ಳ ಹಲಗೆ 'ಮೆರೀನ್' ಎನಿಸಿಕೊಳ್ಳುತ್ತದೆ. ಅದರ ಅಂಟನ್ನು ಪರೀಕ್ಷಿಸಲು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿ ಬೇಯಿಸಿ ನೋಡುತ್ತಾರೆ. ಬಾಯಿಮಾತಿನ 'ವಾಟರ್‌ಪ್ರೂಫ್' ಎಂಬುದಕ್ಕೆ ಬೆಲೆಯಿಲ್ಲ; ಹಲಗೆಯ ಮೇಲಣ ಮುದ್ರೆಯನ್ನು ಕಣ್ಣಾರೆ ನೋಡಿ ಕೊಳ್ಳಬೇಕು. ಅಂಟು ಬಿಡದಿದ್ದರೂ ಮುಚ್ಚದ ಅಂಚು ನೀರು ಕುಡಿಯುವುದರಿಂದ, ಕಣ್ಣಿಗೆ ಕಾಣದ ಹಿಂಬದಿಯ ಅಂಚುಗಳಿಗೂ ಮುಚ್ಚಿಗೆ ಬೇಕು. ಹೊರಮೈಗೆ ಮಾತ್ರ ಮೈಕಾ ಅಂಟಿಸಿ ಒಳಮೈಯನ್ನು ಬರಿದಾಗಿ ಬಿಟ್ಟರೆ ಬಾಗಿಲು ಒಂದು ಕಡೆಯಿಂದ ತೇವ ಹೀರಿ ಬಿಲ್ಲಿನಂತೆ ಬಾಗುತ್ತದೆ.

ಸಿಂಕಿನ ಕೆಳಗಂತೂ ಮರದ ಮಾತೇ ಬೇಡ. ಅಲ್ಲಿ ಕಡಪಕಲ್ಲಿನ ಅಡ್ಡಹಲಗೆ, ಕಲ್ಲಿನದೇ ಪಕ್ಕಗಳು, ಮುಂದೆ ಸೀಳುಗಳುಳ್ಳ ಹಗುರವಾದ ಬಾಗಿಲು. ವಾಸ್ತವವಾಗಿ ಕೆಳಗಿನ ಸಾಲಿನ ಒಡಲನ್ನೆಲ್ಲ ಕಲ್ಲಿನಲ್ಲಿಯೇ ಮಾಡಿಸಿ ಬಾಗಿಲುಗಳನ್ನಷ್ಟೇ ಮರದಲ್ಲಿ ಮಾಡಿಸಿದರೆ ಗೆದ್ದಲಿಗೂ ನೀರಿಗೂ ಒಟ್ಟಿಗೆ ಬಾಗಿಲು ಹಾಕಿದಂತಾಗುತ್ತದೆ. ಮರದ ಒಡಲೇ ಬೇಕೆಂದರೆ ಅದನ್ನು ನೆಲದಿಂದ ನಾಲ್ಕಂಗುಲ ಎತ್ತರಿಸಬೇಕು.

ಬಾಗಿಲಿಗೆ ಊರಿನ ಮರಗಳೇ ಸಾಕಷ್ಟಿವೆ. ಹಲಸು, ಹೆಬ್ಬಲಸು, ಸಾಗುವಾನಿ ಯಾವುದೇ ಇರಲಿ, ಚೇಗು ಬಲಿತ ಭಾಗವನ್ನು ಮಾತ್ರ ಆರಿಸಬೇಕು. ಸುತ್ತಲಿನ ಬಿಳಿಯ ಭಾಗ ಹುಳುವಿಗೆ ನೈವೇದ್ಯ. ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಹಳೆಯ ಆಚಾರಿಗಳು ಚೌಕಟ್ಟಿನ ಗಾಡಿಯಲ್ಲಿ ನಡುಹಲಗೆಯನ್ನು ಅಂಟಿಸದೆ ಸಡಿಲವಾಗಿ ಕೂರಿಸುತ್ತಿದ್ದುದು ಈ ಕಾರಣಕ್ಕಾಗಿಯೇ. ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿದರೂ ಚೌಕಟ್ಟಿಗೆ ಏನೂ ಆಗುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಮಾಡುವ ಡ್ರಾಯರಿಗೆ ಆಚಾರಿ ಸ್ವಲ್ಪ ಸಡಿಲ ಬಿಟ್ಟರೆ ಗೃಹಿಣಿ ಆಕ್ಷೇಪಿಸಬಾರದು. ಅದು ಜುಲೈಗೆಂದು ಬಿಟ್ಟ ಜಾಗ. ಮನೆಯ ಹಳೆಯ ಅಟ್ಟವನ್ನು ಬಿಚ್ಚುವುದಿದ್ದರೆ ಆ ಹಲಗೆಗಳನ್ನು ಸೌದೆಗೆ ಕೊಡುವ ಮುನ್ನ ಆಚಾರಿಗೆ ತೋರಿಸಬೇಕು. ಐವತ್ತು ಅರವತ್ತು ಮಳೆಗಾಲಗಳನ್ನು ಕಂಡು ಒಣಗಿದ ಅಂಥ ಮರ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸುಲಭವಾಗಿ ದೊರೆಯದು. ಮೇಲಿನ ಒಂದಂಗುಲ ಮಸಿಯನ್ನು ಹೆರೆದು ತೆಗೆದರೆ ಒಳಗೆ ಹೊನ್ನಿನ ಬಣ್ಣ.

ಕೀಲು, ಹಿಡಿ, ತಿರುಪುಮೊಳೆಗಳಲ್ಲಿ ಉಳಿತಾಯ ಮಾಡುವುದು ಶುದ್ಧ ಅವಿವೇಕ. ಹೊಳೆಯುವುದೆಲ್ಲ ತುಕ್ಕು ಹಿಡಿಯದ ಉಕ್ಕಲ್ಲ. ಅನೇಕವು ಸಾದಾ ಉಕ್ಕಿಗೆ ಮುಲಾಮು ಹಾಕಿದವು. 304 ಎಂಬ ಅಂಕದ ಉಕ್ಕಿನಲ್ಲಿ ನೂರಕ್ಕೆ 18ರಷ್ಟು ಕ್ರೋಮಿಯಂ, 8ರಷ್ಟು ನಿಕಲ್ ಇರುತ್ತದೆ. ಊರೊಳಗಿನ ಮನೆಗೆ ಅದು ಸಾಕು. ಅಲೆಯ ಸದ್ದು ಕೇಳುವಷ್ಟು ಹತ್ತಿರದ ಮನೆಗೆ ಮಾಲಿಬ್ಡಿನಂ ಸೇರಿದ 316 ಮೇಲು. ಉಪ್ಪನ್ನು ತಡೆಯುವ ಶಕ್ತಿ ಅದಕ್ಕೆ ಹೆಚ್ಚು.

ಸಿಲಿಂಡರಿನ ವಿಷಯದಲ್ಲಿ ಚೆಂದಕ್ಕಿಂತ ಜೀವ ದೊಡ್ಡದು. ಅಡುಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಮಡುಗಟ್ಟುತ್ತದೆ. ಸಿಲಿಂಡರನ್ನು ಕಣ್ಣಿಗೆ ಕಾಣದಂತೆ ಬಿಗಿಯಾದ ಕಪಾಟಿನೊಳಗೆ ಮುಚ್ಚಿಡುವುದು ಅಪಾಯವನ್ನು ಕೂಡಿಟ್ಟಂತೆ. ಬಾಗಿಲಿನ ಅಡಿಯಲ್ಲಿ, ನೆಲಕ್ಕೆ ತಾಗಿದಂತೆ, ಧಾರಾಳವಾಗಿ ಗಾಳಿಗಂಡಿಗಳಿರಲೇಬೇಕು. ಮೇಲೆಯೂ ಕೆಲವು ಇರಬೇಕು.

ಪಾತ್ರೆಗಳ ವಿಷಯದಲ್ಲಿ ಒಂದು ಮಾತು. ತೊಳೆದ ಪಾತ್ರೆಯನ್ನು ಒರೆಸದೆ ಡ್ರಾಯರಿಗೆ ತುಂಬುವುದೇ ಅರ್ಧ ಬೂಷ್ಟಿಗೆ ಮೂಲ. 1940ರ ದಶಕದಲ್ಲಿ ಫಿನ್‌ಲೆಂಡಿನ ಮಾಯಿಯು ಗೆಬ್ಹಾರ್ಡ್ ಎಂಬಾಕೆ ಸಿಂಕಿನ ಮೇಲ್ಗಡೆ ತಳವಿಲ್ಲದ, ಸರಳುಗಳ ಕಪಾಟನ್ನು ರೂಪಿಸಿದಳು. ತೊಳೆದು ಅಲ್ಲಿಟ್ಟ ತಟ್ಟೆಯ ನೀರು ಸಿಂಕಿಗೇ ಇಳಿದು ತಟ್ಟೆ ಅಲ್ಲಿಯೇ ಒಣಗುತ್ತದೆ. ಹಿಮದ ನಾಡಿನ ಈ ಉಪಾಯ ಮಳೆಯ ನಾಡಿಗೆ ಹೇಳಿ ಮಾಡಿಸಿದಂತಿದೆ.

ಲೆಕ್ಕದ ಮಾತು ಕಡೆಗೆ ಬಂದರೂ ಚಿಕ್ಕದಲ್ಲ. ಮರಗೆಲಸದ ದರವನ್ನು ಅನೇಕರು ಮುಂಭಾಗದ ಚದರಡಿಯ ಲೆಕ್ಕದಲ್ಲಿ ಹೇಳುತ್ತಾರೆ. ಒಳಗಿನ ಅಡ್ಡಹಲಗೆ, ಬೆನ್ನಹಲಗೆ, ಕೀಲು, ಹಿಡಿ, ಬಣ್ಣ ಆ ದರದಲ್ಲಿ ಸೇರಿವೆಯೇ ಎಂಬುದನ್ನು ಬರೆವಣಿಗೆಯಲ್ಲಿ ಪಡೆಯದಿದ್ದರೆ ಕೊನೆಗೆ ಮೊತ್ತ ಒಂದೂವರೆ ಪಾಲಾದೀತು. ಕೊನೆಯ ಕಂತಿನಲ್ಲಿ ಸ್ವಲ್ಪ ಹಣವನ್ನು ಮೊದಲ ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಒಪ್ಪಂದ ಮಾಡಿಕೊಂಡರೆ ಬಲು ಕ್ಷೇಮ. ಎಲ್ಲ ಆಚಾರಿಗಳೂ ಒಪ್ಪಲಾರರು. ಒಪ್ಪಿದವನ ಕೆಲಸವನ್ನು ನಂಬಬಹುದು.

ಕೆಲಸ ನಡೆಯುವ ಮೂರು ನಾಲ್ಕು ವಾರ ಒಲೆಯನ್ನು ಹಿಂದಿನ ಜಗಲಿಗೆ ಸಾಗಿಸಬೇಕಾಗುತ್ತದೆ. ಅಷ್ಟು ದಿನ ಸಾರು, ಪಲ್ಯದಲ್ಲಿಯೇ ತೃಪ್ತಿಪಡುವ ಗುಣ ಮನೆಯ ಗಂಡಸರಿಗಿರಬೇಕು. ಕಪಾಟು ಸಿದ್ಧವಾದ ಮೇಲೆ ಬಾಗಿಲುಗಳನ್ನೆಲ್ಲ ಒಂದು ವಾರ ತೆರೆದಿಟ್ಟು ಬಣ್ಣದ, ಅಂಟಿನ ವಾಸನೆಯನ್ನು ಕಳೆಯಬೇಕು. ಆಮೇಲೆ ಡಬ್ಬಗಳು ಒಂದೊಂದಾಗಿ ಒಳಗೆ ಹೋಗಲಿ. ಉಪ್ಪಿನ ಪಾತ್ರೆ ಮಾತ್ರ ಯಾವ ಕಪಾಟಿನೊಳಗೂ ಹೋಗಬಾರದು. ಹಿಂದೆ ಉಪ್ಪಿನ ಮರಿಗೆ ಇರುತ್ತಿದ್ದಂತೆ, ಪಿಂಗಾಣಿಯ ಒಂದು ಭರಣಿಯಲ್ಲಿ, ಒಲೆಯ ಪಕ್ಕದಲ್ಲಿ, ಕಟ್ಟೆಯ ಮೇಲೆಯೇ ಅದಕ್ಕೊಂದು ಜಾಗವನ್ನು ಕಾಗದದಲ್ಲಿಯೇ ಗುರುತು ಮಾಡಿಡಬೇಕು.